ಅಜ್ಜನ ಪ್ರೀತಿ, ಅರಸನ ಕಿರೀಟ

ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಮೊಮ್ಮಕ್ಕಳ ರಾಜ್ಯಭಾರ ನಡೆಯುತ್ತದೆ. ಕಾಗದದ ಚೂರುಗಳ ಮೇಲೆ ರಾಜ, ಮಂತ್ರಿ, ಪೊಲೀಸ, ಕಳ್ಳ ಎಂದು ಬರೆದು, ಮಡಿಚಿ, ಕೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲುವರು. ಯಾರ ಕೈಗೆ ಯಾವ ಚೀಟಿ ಬರುವುದೋ ಅದೇ ಅವರ ಪದವಿ. ವಶೀಲಿ ನಡೆಯದಿರುವುದೇ ಈ ಆಟದ ಸೊಗಸು. ಒಂದು ದಿನ ಕಿರಿಯ ಮೊಮ್ಮಗ ಮೂರು ಸಲವೂ ಕಳ್ಳನಾಗಿ ಕಣ್ಣೀರು ತಂದುಕೊಂಡ. ಅವನ ಮೇಲೆ ಕನಿಕರಗೊಂಡು ನಾನು ರಾಜನ ಚೀಟಿಯನ್ನು ಗುಟ್ಟಾಗಿ ಅವನ ಕಡೆಗೆ ಸರಿಸಿದೆ. ಅವನ ಅಕ್ಕ ಅದನ್ನು ಕಂಡುಬಿಟ್ಟಳು. "ಅಜ್ಜಾ, ನೀನ ಹಿಂಗ ಮಾಡಿದ್ರ ನಾವು ಆಟ ಯಾಕ ಆಡಬೇಕು?" ಎಂದಳು. ಮಕ್ಕಳಿಗೆ ಪಾಠ ಹೇಳುವುದರಲ್ಲಿಯೇ ಆಯುಷ್ಯ ಕಳೆದ ನನಗೆ ಆ ಪ್ರಶ್ನೆಗೆ ಉತ್ತರ ತೋಚಲಿಲ್ಲ.

'ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚು' ಎಂದು ಹಿರಿಯರು ಹೇಳುವುದುಂಟು. ಮಗ ಅಸಲು, ಮೊಮ್ಮಗ ಬಡ್ಡಿ. ಮಗನ ವಿಷಯದಲ್ಲಿ ಕಠಿಣನಾದ ತಂದೆ ಮೊಮ್ಮಗನ ಮುಂದೆ ಮೇಣದಂತೆ ಕರಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇದು ಮನೆಯೊಳಗಿನ ಮಾತಾದರೆ ನಕ್ಕು ಸುಮ್ಮನಾಗಬಹುದು. ಆದರೆ ಆ ಅಜ್ಜ ಒಂದು ರಾಜ್ಯದ ಒಡೆಯನಾಗಿದ್ದರೆ? ಅವನು ಸರಿಸುವ ಚೀಟಿ ನಿಜವಾದ ಕಿರೀಟವಾಗಿದ್ದರೆ? ಇದು ಕಟ್ಟುಕಥೆಯ ಪ್ರಶ್ನೆಯಲ್ಲ. ನಮ್ಮ ಸೀಮೆಯನ್ನಾಳಿದ ಕೊನೆಯ ದೊರೆಯ ಮನೆಯಲ್ಲಿಯೇ ಇಂತಹದೊಂದು ಸಂಗತಿ ನಡೆದಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಗಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1911ರಲ್ಲಿ ಪಟ್ಟಕ್ಕೆ ಬಂದವರು. ಜಗತ್ತಿನ ಅತಿ ದೊಡ್ಡ ಧನಿಕರಲ್ಲಿ ಒಬ್ಬರೆಂದು ಅವರು ಹೆಸರಾಗಿದ್ದರು. ಅವರ ಹಿರಿಯ ಮಗ ಆಜಂ ಜಾಹ್. ಈತನಿಗೆ 1931ರಲ್ಲಿ ತುರ್ಕಿಯ ಕೊನೆಯ ಖಲೀಫರ ಮಗಳಾದ ದುರ್ರುಶೆವಾರ್ ಅವರೊಡನೆ ಫ್ರಾನ್ಸಿನ ನೀಸ್ ನಗರದಲ್ಲಿ ವಿವಾಹವಾಯಿತು. 1933ರಲ್ಲಿ ಅದೇ ನಗರದಲ್ಲಿ ಅವರ ಹಿರಿಯ ಮಗ ಮುಕರ್ರಂ ಜಾಹ್ ಜನಿಸಿದರು. ಡೆಹರಾಡೂನಿನ ಡೂನ್ ಶಾಲೆ, ಇಂಗ್ಲೆಂಡಿನ ಹ್ಯಾರೋ ಶಾಲೆ, ಕೇಂಬ್ರಿಜ್ ವಿಶ್ವವಿದ್ಯಾಲಯ, ಹೀಗೆ ಶ್ರೇಷ್ಠವೆನಿಸಿದ ಶಿಕ್ಷಣವೆಲ್ಲವೂ ಆ ಬಾಲಕನಿಗೆ ದೊರೆಯಿತು. ಮಗನ ದುಂದುವೆಚ್ಚ, ಸಾಲಗಳ ವಿಷಯದಲ್ಲಿ ನಿಜಾಮರಿಗೆ ಅಸಮಾಧಾನವಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಕೊನೆಗೆ 1954ರಲ್ಲಿ ಅವರು ಮಗನನ್ನು ಬದಿಗಿರಿಸಿ ಮೊಮ್ಮಗನನ್ನೇ ಉತ್ತರಾಧಿಕಾರಿಯೆಂದು ಸಾರಿದರು.

ಇಲ್ಲಿ ವರ್ಷಗಳನ್ನು ಲಕ್ಷ್ಯದಲ್ಲಿಟ್ಟು ನೋಡಬೇಕು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸೇನೆ ಶರಣಾಗಿ ಸಂಸ್ಥಾನವು ಭಾರತದ ಆಡಳಿತಕ್ಕೆ ಒಳಪಟ್ಟಿತ್ತು. ಆ ದಿನವನ್ನೇ ನಾವು ಇಂದಿಗೂ ಧ್ವಜವಂದನೆ ಮಾಡಿ ಆಚರಿಸುತ್ತೇವೆ. 1952ರಲ್ಲಿ ನಮ್ಮ ಸೀಮೆಯ ರೈತರು, ನೇಕಾರರು, ಕೂಲಿಕಾರರು, ಗಂಡಸರು ಹೆಂಗಸರೆನ್ನದೆ ಮತಪೆಟ್ಟಿಗೆಗೆ ಚೀಟಿ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿಯಾಗಿತ್ತು. ಅರಮನೆಯಲ್ಲಿ ಅಜ್ಜ ಮೊಮ್ಮಗನನ್ನು ಆರಿಸುವುದಕ್ಕೆ ಎರಡು ವರ್ಷ ಮೊದಲೇ ಗುಡಿಸಿಲಿನವರು ತಮ್ಮನ್ನು ಆಳುವವರನ್ನು ತಾವೇ ಆರಿಸಿದ್ದರು! ಹೀಗಾಗಿ 1954ರಲ್ಲಿ ಅಜ್ಜ ಮೊಮ್ಮಗನಿಗೆ ಕೊಟ್ಟದ್ದು ರಾಜ್ಯವನ್ನಲ್ಲ. ರಾಜ್ಯವಿಲ್ಲದ ಒಂದು ಬಿರುದನ್ನು ಮತ್ತು ಅದರ ಹಿಂದೆ ನಿಂತಿದ್ದ ಹೊರಲಾರದ ಹೊರೆಯನ್ನು.

1967ರ ಫೆಬ್ರವರಿಯಲ್ಲಿ ನಿಜಾಮರು ತೀರಿಕೊಂಡರು. ಅದೇ ವರ್ಷ ಚೌಮಹಲ್ಲಾ ಅರಮನೆಯಲ್ಲಿ ಮುಕರ್ರಂ ಜಾಹ್ ಅವರಿಗೆ ಪಟ್ಟವಾಯಿತು. ತಂದೆಯಾದ ಆಜಂ ಜಾಹ್ ಆಗಿನ್ನೂ ಬದುಕಿದ್ದರು. ಬದುಕಿರುವ ತಂದೆಯನ್ನು ದಾಟಿ ಮಗನಿಗೆ ಪಟ್ಟವಾದಾಗ ಆ ತಂದೆಯ ಮನಸ್ಸು ಹೇಗಿದ್ದಿರಬೇಕು? ಆ ಮಗನ ಮನಸ್ಸಾದರೂ ಹೇಗಿದ್ದಿರಬೇಕು? ಹೊಸ ದೊರೆಯ ಪಾಲಿಗೆ ಬಂದವುಗಳೆಂದರೆ ಹಲವು ಅರಮನೆಗಳು, ಸಂಬಳಕ್ಕೆ ಕಾದಿದ್ದ ಸಾವಿರಾರು ಆಳುಕಾಳುಗಳು, ಬಂಧುಗಳ ವ್ಯಾಜ್ಯಗಳು. 1971ರಲ್ಲಿ ಭಾರತ ಸರ್ಕಾರವು ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯ ಮೂಲಕ ರಾಜರ ಮಾನ್ಯತೆಯನ್ನೂ ರಾಜಧನವನ್ನೂ ರದ್ದುಪಡಿಸಿತು. ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತರಾಗಿದ್ದ ಮುಕರ್ರಂ ಜಾಹ್ ಕಡೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ದೊಡ್ಡದೊಂದು ಕುರಿ ಸಾಕಣೆಯ ಭೂಮಿಯನ್ನು ಕೊಂಡು ಅಲ್ಲಿ ನೆಲೆಸಿದರು. ಬಳಿಕ ಟರ್ಕಿಯಲ್ಲಿ ಉಳಿದು, 2023ರ ಜನವರಿಯಲ್ಲಿ ಇಸ್ತಾಂಬುಲಿನಲ್ಲಿ ನಿಧನರಾದರು. ದೇಹವನ್ನು ಮಾತ್ರ ಹೈದರಾಬಾದಿಗೆ ತಂದು, ಮಕ್ಕಾ ಮಸೀದಿಯ ಆವರಣದಲ್ಲಿ ಅವರ ವಂಶದವರ ಸಮಾಧಿಗಳ ಬಳಿ ಮಣ್ಣು ಮಾಡಿದರು.

ನಿಜಾಮರ ಆಯ್ಕೆ ಕೇವಲ ಕುರುಡು ಪ್ರೀತಿಯೆಂದು ನಾನು ಹೇಳಲಾರೆ. ಮಗನಿಗಿಂತ ಮೊಮ್ಮಗ ಯೋಗ್ಯನೆಂದು ಅವರಿಗೆ ಪ್ರಾಮಾಣಿಕವಾಗಿಯೇ ತೋರಿದ್ದಿರಬಹುದು. ನನ್ನ ಆಕ್ಷೇಪಣೆ ಬೇರೆ. ಒಂದು ನಾಡಿನ ಭಾರವನ್ನು ಹೊರುವವನು ಯಾರೆಂಬುದನ್ನು ಒಬ್ಬನೇ ಹಿರಿಯನ ಒಲವು ತೀರ್ಮಾನಿಸುವುದು ಎಂದಿಗೂ ಕ್ಷೇಮವಲ್ಲ. ಅಲ್ಲಿ ಪ್ರಜೆಗಳ ಅಭಿಪ್ರಾಯಕ್ಕೆ ಎಡೆಯಿಲ್ಲ. ಪಟ್ಟ ಕಟ್ಟಿಸಿಕೊಳ್ಳುವ ಹುಡುಗನ ಇಷ್ಟಕ್ಕೂ ಎಡೆಯಿಲ್ಲ.

ನಮ್ಮ ಆನೆಗೊಂದಿಯ ಎದುರು ದಡದಲ್ಲಿದ್ದ ವಿಜಯನಗರದಲ್ಲಿಯೂ ಇದೇ ಪಾಠ ದೊರೆಯುತ್ತದೆ. 1535ರ ಸುಮಾರಿಗೆ ಆ ನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ವೀರನರಸಿಂಹರಾಯನು ಮರಣಶಯ್ಯೆಯಲ್ಲಿದ್ದಾಗ ತನ್ನ ಎಂಟು ವರ್ಷದ ಮಗನಿಗೇ ಪಟ್ಟವಾಗಬೇಕೆಂದು ಬಯಸಿ, ತಮ್ಮನಾದ ಕೃಷ್ಣರಾಯನ ಕಣ್ಣುಗಳನ್ನು ಕೀಳಿಸಿ ತರಲು ಮಂತ್ರಿ ಸಾಳುವ ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ತಿಮ್ಮರಸನು ಆಡಿನ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣರಾಯನನ್ನು ಉಳಿಸಿದನಂತೆ. ಇದು ಎಷ್ಟರಮಟ್ಟಿಗೆ ನಿಜವೋ, ಜನರ ಬಾಯಲ್ಲಿ ಬೆಳೆದ ಕಥೆ ಎಷ್ಟೋ! ಆದರೆ 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ಮುಂದೆ ತಾನೂ ಅದೇ ಮೋಹಕ್ಕೆ ಒಳಗಾದನು. 1524ರಲ್ಲಿ ಸುಮಾರು ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದನು. ಆ ಮಗು ಕೆಲವೇ ತಿಂಗಳಲ್ಲಿ ಕಾಯಿಲೆಯಿಂದ ಸತ್ತಿತು. ವಿಷಪ್ರಯೋಗದ ಸಂದೇಹದಿಂದ ತಿಮ್ಮರಸನ ಕುಟುಂಬವೇ ಸೆರೆಮನೆ ಸೇರಿತೆಂದು ನೂನಿಜ್ ಹೇಳುತ್ತಾನೆ. ಈ ದುಃಖದಿಂದ ರಾಯನು ಪಾಠ ಕಲಿತಂತೆ ತೋರುತ್ತದೆ. ಕೊನೆಗಾಲದಲ್ಲಿ ಹದಿನೆಂಟು ತಿಂಗಳ ಹಸುಳೆ ಮಗನಿದ್ದರೂ ಅವನನ್ನು ಬಿಟ್ಟು, ಪ್ರಾಯಕ್ಕೆ ಬಂದಿದ್ದ ತಮ್ಮ ಅಚ್ಯುತರಾಯನನ್ನು ಹೆಸರಿಸಿದನು. ಮಗನ ಮೇಲಿನ ಪ್ರೀತಿ ಕಡಿಮೆಯಾದುದರಿಂದಲ್ಲ, ರಾಜ್ಯದ ಭಾರ ಎಷ್ಟೆಂಬುದು ತಿಳಿದುದರಿಂದ.

ಮಹಾಭಾರತದ ದಾಶರಾಜನನ್ನು ಇಲ್ಲಿ ನೆನೆಯಬಹುದು. ಮಗಳು ಸತ್ಯವತಿಗೆ ಇನ್ನೂ ಹುಟ್ಟದಿದ್ದ ಮೊಮ್ಮಗನಿಗೆ ಸಿಂಹಾಸನ ಬೇಕೆಂದು ಅವನು ಶಂತನುವಿನಲ್ಲಿ ಹಟ ಹಿಡಿದನು. ಆ ಹಟಕ್ಕಾಗಿ ಯೋಗ್ಯನಾದ ದೇವವ್ರತನು ರಾಜ್ಯವನ್ನೇ ತ್ಯಜಿಸಿ ಭೀಷ್ಮನಾದನು. ಆದರೆ ಆ ಮದುವೆಯಿಂದ ಹುಟ್ಟಿದ ಇಬ್ಬರು ಮಕ್ಕಳೂ ಸಂತಾನವಿಲ್ಲದೆ ತೀರಿಕೊಂಡರು. ಅಜ್ಜನ ಲೆಕ್ಕಾಚಾರ ಮೂರನೆಯ ತಲೆಮಾರಿಗೂ ನಿಲ್ಲಲಿಲ್ಲ.

ಇಂದು ರಾಜರಿಲ್ಲವೆಂದು ನಾವು ನಿಶ್ಚಿಂತರಾಗಬೇಕಾಗಿಲ್ಲ. ಪ್ರತಿ ಮನೆಯೂ ಒಂದು ಚಿಕ್ಕ ರಾಜ್ಯವೇ. ಗಂಗಾವತಿಯ ಕಡೆ ಕಾಲುವೆಯ ನೀರಿನ ಭತ್ತದ ಗದ್ದೆಯಿರಲಿ, ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯನ್ನೇ ನಂಬಿದ ಹೊಲವಿರಲಿ, ಪಾಲಿನ ಮಾತು ಬಂದಾಗ ಅಜ್ಜ ಅಜ್ಜಿಯರ ಒಲವು ಮೊಮ್ಮಗನ ಕಡೆಗೇ ವಾಲುತ್ತದೆ. ಗಟ್ಟಿ ಮೊಸರು ಮೊಮ್ಮಗನಿಗೆ, ಮಜ್ಜಿಗೆ ಮೊಮ್ಮಗಳಿಗೆ. ಪಟ್ಟಣದ ಕಾಲೇಜು ಮೊಮ್ಮಗನಿಗೆ, ಒಲೆಯ ಮುಂದಿನ ಪಾಠ ಮೊಮ್ಮಗಳಿಗೆ. 1994ರಲ್ಲಿ ನಮ್ಮ ರಾಜ್ಯವೂ 2005ರಲ್ಲಿ ಸಂಸತ್ತೂ ಹಿಂದೂ ಉತ್ತರಾಧಿಕಾರದ ಕಾಯಿದೆಯನ್ನು ತಿದ್ದಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ವಿಧಿಸಿದವು. ಕಾಯಿದೆ ತಕ್ಕಡಿಯನ್ನು ಸಮನಾಗಿಸಿದೆ. ತೂಗುವ ಕೈ ಮಾತ್ರ ಇನ್ನೂ ಹಳೆಯ ರೂಢಿಯಲ್ಲಿಯೇ ಇದೆ.

ಪ್ರೀತಿಯನ್ನು ತೂಗಿ ಹಂಚಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯವಿಲ್ಲ, ಅದರ ಅವಶ್ಯಕತೆಯೂ ಇಲ್ಲ. ಒಂದು ಮಗುವಿನ ಮಾತು, ಇನ್ನೊಂದರ ನಗು, ಮತ್ತೊಂದರ ಮೌನ ಹಿರಿಯರ ಮನಸ್ಸನ್ನು ಬೇರೆ ಬೇರೆಯಾಗಿ ಸೆಳೆಯುತ್ತವೆ. ಅದು ಸಹಜ. ಆದರೆ ಪ್ರೀತಿ ಬೇರೆ, ಪಾಲು ಬೇರೆ. ಮುದ್ದು ಮಾಡುವಾಗ ಹೃದಯದ ಮಾತು ಕೇಳೋಣ. ಹಕ್ಕು, ಅವಕಾಶ, ಅಧಿಕಾರಗಳನ್ನು ಕೊಡುವಾಗ ನ್ಯಾಯದ ಮಾತನ್ನು ಮಾತ್ರ ಕೇಳೋಣ. ಈ ಎರಡನ್ನು ಬೆರೆಸಿದರೆ, ಪಾಲು ಕಳೆದುಕೊಂಡವನಿಗೆ ಅನ್ಯಾಯವಾಗುವಂತೆ ಪಾಲು ಪಡೆದವನಿಗೂ ಕೇಡಾಗುತ್ತದೆ. ಗೆಲ್ಲದೆ ಬಂದ ಪದವಿ ಅವನನ್ನು ಸೋಮಾರಿಯಾಗಿಸುತ್ತದೆ, ಇಲ್ಲವೆ ಬೇಡದ ಹೊರೆಯಾಗಿ ದೇಶಾಂತರಕ್ಕೆ ಓಡಿಸುತ್ತದೆ.

ಮಕ್ಕಳೇ, ಇನ್ನು ಕೆಲವೇ ವರ್ಷಗಳಲ್ಲಿ ನಿಮ್ಮ ಕೈಗೂ ಮತ ಹಾಕುವ ಹಕ್ಕು ಬರುತ್ತದೆ. ಅಂದು ಯಾರ ಮಗ, ಯಾರ ಮೊಮ್ಮಗ ಎಂದು ಕೇಳುವ ಮೊದಲು, ಈತ ಏನು ಮಾಡಬಲ್ಲ ಎಂದು ಕೇಳಿರಿ. ಮನೆಯಲ್ಲಿ ನಿಮಗೆ ತಂಗಿಗಿಂತ ಹೆಚ್ಚು ಪಾಲು ಬಂದರೆ, ಅದನ್ನು ಅವಳೊಡನೆ ಹಂಚಿಕೊಳ್ಳುವ ಧೈರ್ಯ ತೋರಿರಿ.

ಅಂದು ನಾನು ಮೊಮ್ಮಗಳ ಮಾತಿಗೆ ತಲೆಬಾಗಿ ಚೀಟಿಗಳನ್ನು ಮತ್ತೆ ಕುಲುಕಲು ಹೇಳಿದೆ. ಕಿರಿಯ ಮೊಮ್ಮಗ ನಾಲ್ಕನೆಯ ಸಲವೂ ಕಳ್ಳನೇ ಆದ. ಆದರೆ ಈ ಸಲ ಅವನು ಅಳಲಿಲ್ಲ. ಸಿಕ್ಕಿಬೀಳದೆ ತಪ್ಪಿಸಿಕೊಳ್ಳುವುದು ಹೇಗೆಂದು ಯೋಚಿಸುತ್ತ ಕುಳಿತ. ಅವನ ಅಕ್ಕ ಮಾತ್ರ ಚೀಟಿಗಳನ್ನು ನನ್ನ ಕೈಗೆ ಸಿಗದಷ್ಟು ದೂರ ಇಟ್ಟುಕೊಂಡು ಆಟ ಮುಂದುವರಿಸಿದಳು.