ಆಫೀಸಿನ ಇ-ಮೇಲ್ ನಮ್ಮನೆ ಅಂಚೆಡಬ್ಬಿಯಲ್ಲ

‘ರೀ, ವಿಮೆ ಕಾಗದ, ಮಗಳ ಸ್ಕೂಲಿನ ಸರ್ಕ್ಯುಲರ್ ಎಲ್ಲ ನಿಮ್ಮ ಆಫೀಸ್ ಮೇಲ್‌ಗೇ ಬರ್ಲಿ, ಅದನ್ನಾದ್ರೂ ದಿನಾ ನೋಡ್ತೀರಿ...’

ನಮ್ಮಲ್ಲಿ ಎಷ್ಟೋ ಜನ ಯಜಮಾನರಿಗೆ ಹೀಗೆ ಹೇಳಿರುತ್ತೇವೆ. ನಾನೂ ಹೇಳಿದ್ದೆ. ಅವರು ಕೆಲಸ ಬಿಟ್ಟ ದಿನ ಸಂಜೆಗೇ ಆ ಮೇಲ್ ಬಂದ್! ವಿಮೆಯವರ ಹತ್ತಿರ ಹೊಸ ವಿಳಾಸ ಕೊಡಲು ಪಟ್ಟ ಪಾಡು ದೇವರಿಗೇ ಪ್ರೀತಿ.

ಮೇಲ್ ಬಂದ್ ಆಗುವುದು ಒಂದು ತೊಂದರೆ. ಅದನ್ನು ಬೇರೆಯವರು ಓದುವುದು ಇನ್ನೊಂದು. ರೊಮೇನಿಯಾದ ಎಂಜಿನಿಯರ್ ಬರ್ಬುಲೆಸ್ಕು ಅವರ ಕಥೆ ಕೇಳಿ. ಗ್ರಾಹಕರ ಜೊತೆ ಮಾತಾಡಲೆಂದು ಕಂಪನಿಯೇ ತೆರೆಸಿದ್ದ ಯಾಹೂ ಮೆಸೆಂಜರ್‌ನಲ್ಲಿ ಅವರು ಸಹೋದರನಿಗೆ, ಮದುವೆಯಾಗಲಿದ್ದ ಹುಡುಗಿಗೆ ಸಂದೇಶ ಕಳಿಸಿದರು. ಕಂಪನಿ ಅದನ್ನೆಲ್ಲ ಓದಿ 2007ರಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಸ್ವಂತ ಕೆಲಸಕ್ಕೆ ಬಳಸಬಾರದೆಂಬ ನಿಯಮವೇನೋ ಇತ್ತು. ಆದರೆ ‘ನಿಮ್ಮ ಸಂದೇಶ ಓದುತ್ತೇವೆ’ ಅಂತ ಮೊದಲೇ ತಿಳಿಸಿದ್ದರೇ? ಅಲ್ಲಿನ ಕೋರ್ಟುಗಳು ಇದನ್ನು ಸರಿಯಾಗಿ ವಿಚಾರಿಸಲಿಲ್ಲ ಎಂದು 2017ರ ಸೆಪ್ಟೆಂಬರ್ 5ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಅದೇ ವರ್ಷ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟ್ ಕೂಡ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ದತ್ತಾಂಶ ರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ಮತ್ತು ಕಂಪನಿಯ ಗುಟ್ಟು ಕಾಯುವುದಕ್ಕೆ ನೌಕರರ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆಯೂ ಬಳಸಲು ಅವಕಾಶ ಇಟ್ಟಿದೆ.

ಕಂಪನಿಗಳ ಭಯವೂ ಸುಳ್ಳಲ್ಲ ಬಿಡಿ. 2019ರಲ್ಲಿ ಟೊಯೊಟಾ ಬೊಶೊಕು ಕಂಪನಿಯ ಯುರೋಪ್ ಶಾಖೆ, ಹಣ ಕಳಿಸಿ ಎಂಬ ಮೋಸದ ಸೂಚನೆ ನಂಬಿ ಸುಮಾರು 400 ಕೋಟಿ ಯೆನ್ ಕಳಕೊಂಡಿತು. ಕಾವಲು ಬೇಕು, ಒಪ್ಪೋಣ. ಕದ್ದು ನೋಡುವುದು ಬೇಡ. ಯಾರು ಓದಬಹುದು, ಯಾವ ಕಾರಣಕ್ಕೆ, ಕೆಲಸ ಬಿಟ್ಟ ಮೇಲೆ ಹಳೆಯ ಮೇಲ್‌ಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ – ಇಷ್ಟನ್ನು ಸ್ಪಷ್ಟವಾಗಿ ಬರೆದು ಕೊಡದ ಕಂಪನಿಯ ನಿಯಮ ನನ್ನ ಪ್ರಕಾರ ಅರೆಬರೆ. ಮನೆಯವರು, ಮಕ್ಕಳು ದುಡಿಯುವ ಕಡೆ ಈ ಬಗ್ಗೆ ಏನಿದೆ ಅಂತ ಇವತ್ತೇ ಕೇಳಿ. ‘ನಿನಗ್ಯಾಕೆ ಅದೆಲ್ಲ’ ಅಂದರೆ, ನಮ್ಮ ಸ್ಕ್ಯಾನಿಂಗ್ ರಿಪೋರ್ಟೂ ಅದರಲ್ಲೇ ಇದೆಯಲ್ಲ, ಅದಕ್ಕೆ ಅನ್ನಿ.

ಈ ಭಾನುವಾರ ಇಬ್ಬರೂ ಕೂತು ಬ್ಯಾಂಕು, ವಿಮೆ, ಸ್ಕೂಲು, ಆಸ್ಪತ್ರೆ ಎಲ್ಲವನ್ನೂ ಸ್ವಂತ ಮೇಲ್‌ಗೆ ಬದಲಿಸಿಕೊಳ್ಳಿ. ಅದರ ಪಾಸ್‌ವರ್ಡ್ ಆಫೀಸಿನದೇ ಆಗಿರದಿರಲಿ. ನಿಮ್ಮ ಹೆಸರಲ್ಲೂ ಒಂದು ಇ-ಮೇಲ್ ಇರಲಿ.