ರಾಜಹಕ್ಕಿ: ಬಣ್ಣ ಎರಡು, ತವರು ಮೂರು

ಬಸವಕಲ್ಯಾಣ, ಹುಮನಾಬಾದ್ ಎಂದೊಡನೆ ಕೋಟೆ, ಕೆಂಪು ನೆಲ, ತೊಗರಿ ಹೊಲ ನೆನಪಾಗುತ್ತವೆ. ಕಾಡುಹಕ್ಕಿಗೆ ಇಲ್ಲೇನು ಕೆಲಸ ಎನ್ನಬೇಡಿ. ರಾಜಹಕ್ಕಿಯ ವ್ಯಾಪ್ತಿಯಲ್ಲಿ ಈ ಸೀಮೆಯೂ ಸೇರಿದೆ. ಹಳ್ಳದ ದಂಡೆಯ ಹಳೆಯ ಮಾವಿನ ತೋಪಿನಂಥ ನೆರಳು ಅದಕ್ಕೆ ಇಷ್ಟ. ಬಾಲದಂಡೆ ಎಂಬ ಹೆಸರೂ ಇದಕ್ಕುಂಟು.

ಬುಲ್‌ಬುಲ್ ಗಾತ್ರದ ಮೈ, ಜುಟ್ಟುಳ್ಳ ಕಪ್ಪು ತಲೆ. ಬೆಳೆದ ಗಂಡಿನ ಬಾಲದಲ್ಲಿ ರಿಬ್ಬನ್ನಿನಂಥ ಎರಡು ಉದ್ದನೆಯ ಗರಿಗಳಿರುತ್ತವೆ. ಕೆಲವು ಗಂಡುಗಳು ಹಾಲುಬಿಳುಪು, ಕೆಲವು ಕೆಂಗಂದು. ಹೆಣ್ಣು ಕೆಂಗಂದು, ಬಾಲ ಗಿಡ್ಡ. ಎಳೆಯ ಗಂಡೂ ಹಾಗೆಯೇ. ಉದ್ದ ಬಾಲ ಮೂಡುವುದು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ. ಒಂದೇ ತೋಪಿನಲ್ಲಿ ಇವೆಲ್ಲ ಕಂಡರೂ ಅವು ಬೇರೆ ಬೇರೆ ಉಪಪ್ರಭೇದಗಳಲ್ಲ.

ಹಾಗಾದರೆ ಉಪಪ್ರಭೇದ ಎಂದರೇನು? ಒಂದೇ ಪ್ರಭೇದದ ಹಕ್ಕಿಗಳು ಬೇರೆ ಬೇರೆ ನಾಡುಗಳಲ್ಲಿ ತಲೆತಲಾಂತರದಿಂದ ಮರಿ ಮಾಡುತ್ತ, ಬಣ್ಣ ಇಲ್ಲವೆ ಅಳತೆಯಲ್ಲಿ ತುಸು ಬೇರೆಯಾದಾಗ ಅವನ್ನು ಹೀಗೆ ಗುರುತಿಸುತ್ತಾರೆ. ರಾಜಹಕ್ಕಿಯಲ್ಲಿ ಮೂರು ಉಪಪ್ರಭೇದಗಳಿವೆ. ಮಧ್ಯ ಹಾಗೂ ದಕ್ಷಿಣ ಭಾರತದ್ದು 'ಪ್ಯಾರಡಿಸಿ'. ಆಫ್ಘಾನಿಸ್ತಾನದಿಂದ ನೇಪಾಳದವರೆಗೆ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುವುದು 'ಲ್ಯೂಕೋಗ್ಯಾಸ್ಟರ್', ಅಂದರೆ ಬಿಳಿಹೊಟ್ಟೆಯದು. ಮೂರನೆಯದು ಶ್ರೀಲಂಕಾದ 'ಸಿಲೋನೆನ್ಸಿಸ್'. ಇದರ ಗಂಡು ಬಿಳಿಯಾಗುವುದೇ ಇಲ್ಲ. ಆದ್ದರಿಂದ ಅಲ್ಲಿ ಬಿಳಿ ಗಂಡು ಕಂಡರೆ, ಅದು ಭಾರತದಿಂದ ಬಂದ ಚಳಿಗಾಲದ ಅತಿಥಿ.

1758ರಲ್ಲಿ ಲಿನೇಯಸ್ ಈ ಹಕ್ಕಿಯನ್ನು ಕಾಗೆಗಳ ಜೊತೆಗೆ ಸೇರಿಸಿದ್ದರು! ಚೀನಾ ಮತ್ತು ಆಗ್ನೇಯ ಏಷ್ಯದ ರೂಪಗಳನ್ನೂ ಬಹುಕಾಲ ಇದರ ಉಪಪ್ರಭೇದಗಳೆಂದೇ ಎಣಿಸಲಾಗಿತ್ತು. 2012ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ನಂತರ ಅವು ಬೇರೆ ಪ್ರಭೇದಗಳಾದವು.

ನಮ್ಮ ಸೀಮೆಗೂ ಈ ವಿದ್ಯೆಗೂ ಹಳೆಯ ನಂಟಿದೆ. ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1931–32ರಲ್ಲಿ ಸಲೀಂ ಅಲಿ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ವರದಿಗೆ ಬ್ರಿಟಿಷ್ ಪಕ್ಷಿತಜ್ಞ ಹ್ಯೂ ವಿಸ್ಲರ್ ಟಿಪ್ಪಣಿ ಬರೆದರು. ಇಂಥ ಕೆಲಸದಲ್ಲಿ ಹಕ್ಕಿ ಸಿಕ್ಕ ಊರು, ತಾರೀಖು ಎರಡೂ ಮುಖ್ಯ.

ವಿದ್ಯಾರ್ಥಿಗಳೇ, ನೀವೂ ಒಂದು ನೋಟ್‌ಬುಕ್ ಇಡಿ. ಡಿಸೆಂಬರಿನಲ್ಲಿ ಕಂಡದ್ದು ಹಿಮಾಲಯದ ಅತಿಥಿ ಇರಬಹುದು. ಜೂನ್‌ನಲ್ಲಿ ಗೂಡಿನ ಮೇಲೆ ಕುಳಿತದ್ದು ಇಲ್ಲಿಯದೇ. ಗೂಡನ್ನು ದೂರದಿಂದಲೇ ನೋಡಿ. ಪಾಲಕರೇ, ಹಳ್ಳದ ದಂಡೆಯ ಮರ ಕಡಿಯುವ ಮುನ್ನ ಮಕ್ಕಳ ಆ ನೋಟ್‌ಬುಕ್ ಒಮ್ಮೆ ತಿರುವಿ ನೋಡಿ.