ಕೈಗಡಿಯಾರದ ಹಿಂದಿನ ಕೈಗಳು

ಲಕ್ಷಗಟ್ಟಲೆ ಬೆಲೆಯ ಕೈಗಡಿಯಾರಗಳನ್ನು ಕೊಂಡು ಪೆಟ್ಟಿಗೆಯಲ್ಲಿ ಕೂಡಿಡುವ ದೊಡ್ಡ ಮನುಷ್ಯರ ಬಗ್ಗೆ ನನಗೊಂದು ತಕರಾರಿದೆ. ದುಡ್ಡಿದ್ದವರು ಖರ್ಚು ಮಾಡುತ್ತಾರೆ, ಟೀಚರಮ್ಮನಿಗೇಕೆ ಹೊಟ್ಟೆಯುರಿ ಎಂದು ಯಾರಾದರೂ ಕೇಳಬಹುದು. ಇದು ಹೊಟ್ಟೆಯುರಿಯ ಮಾತಲ್ಲ. ನಲವತ್ತು ನಿಮಿಷದ ಪೀರಿಯಡ್ಡು, ಹತ್ತು ನಿಮಿಷದ ಬಿಡುವು, ಎಂಟೂ ಹತ್ತರ ಬಸ್ಸು ಎಂದು ಮೂರು ದಶಕ ಹೊತ್ತಿನ ಜೊತೆಯಲ್ಲೇ ಓಡಿದವಳು ನಾನು. ಗಡಿಯಾರದ ಮೇಲೆ ನನಗೆ ಪ್ರೀತಿಯೂ ಇದೆ, ಋಣವೂ ಇದೆ. ನನ್ನ ತಕರಾರು ಇರುವುದು ಅವರ ಬಾಯಲ್ಲಿ ಬರುವ ಒಂದು ಮಾತಿನ ಮೇಲೆ. ಹೊತ್ತು ನೋಡುವುದಕ್ಕಲ್ಲ, ಅದರೊಳಗಿನ ಕೈಕೆಲಸಕ್ಕೆ ಮರ್ಯಾದೆ ಕೊಡುವುದಕ್ಕೆ ಕೊಳ್ಳುತ್ತೇವೆ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಯಾರ ಕೈಗೆ ಮರ್ಯಾದೆ? ಅಷ್ಟನ್ನು ಕೇಳಲೆಂದೇ ಈ ಬರಹ.

ಹೊತ್ತು ನೋಡುವುದಕ್ಕಲ್ಲ ಎಂಬುದು ಮಾತ್ರ ನೂರಕ್ಕೆ ನೂರು ನಿಜ. ಕೀ ಕೊಟ್ಟು ನಡೆಸುವ ಗಡಿಯಾರದೊಳಗೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಹಲ್ಲುಚಕ್ರಗಳು ಆ ಬಲವನ್ನು ಮುಂದಕ್ಕೆ ದಾಟಿಸುತ್ತವೆ. ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ ಅದನ್ನು ಸಮನಾದ ಟಿಕ್‌ಟಿಕ್ ಆಗಿ ಪಾಲು ಮಾಡುತ್ತದೆ. ಚಳಿ, ಬಿಸಿಲು, ಕೈ ಬೀಸುವ ರೀತಿ ಎಲ್ಲವೂ ಅದನ್ನು ಅಷ್ಟಿಷ್ಟು ತಪ್ಪಿಸುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಇಂಥ ಗಡಿಯಾರಗಳನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಸಂಸ್ಥೆಯೇ, ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬಿದ್ದರೂ 6 ಸೆಕೆಂಡು ಮುಂದೆ ಓಡಿದರೂ ಪಾಸು ಮಾಡುತ್ತದೆ. ನಮ್ಮ ಪೇಟೆಬೀದಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸೆಲ್ಲಿನ ವಾಚು ಅಷ್ಟು ತಪ್ಪಬೇಕಾದರೆ ಒಂದು ವಾರವಾದರೂ ಬೇಕು. ಅಂದರೆ ಬೆಲೆ ಏರಿದಷ್ಟೂ ಹೊತ್ತು ಸರಿಯಾಗುವುದಿಲ್ಲ.

ಈ ವಿಚಿತ್ರಕ್ಕೆ ಒಂದು ಚರಿತ್ರೆ ಇದೆ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಆ ಮೇಲೆ ಸ್ವಿಟ್ಜರ್ಲೆಂಡಿನ ಗಡಿಯಾರದ ಊರುಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1970ರ ಸುಮಾರಿಗೆ 90,000ದಷ್ಟಿದ್ದ ಕೆಲಸಗಾರರು ಎಂಬತ್ತರ ದಶಕದ ನಡುವಿಗೆ 30,000ದ ಆಸುಪಾಸಿಗೆ ಇಳಿದರು. ಹೊತ್ತು ತೋರಿಸುವ ಪೈಪೋಟಿಯಲ್ಲಿ ಸೋತ ವಸ್ತುವನ್ನು ಅಂತಸ್ತು ತೋರಿಸುವ ವಸ್ತುವಾಗಿ ಮಾರುವ ಜಾಣತನ ಬಲವಾಗಿ ಬೇರೂರಿದ್ದು ಆಗ. ಇವತ್ತು ಕೆಲವು ಮಾದರಿಗಳಿಗೆ ದುಡ್ಡು ಹಿಡಿದು ಹೋದರೂ ಸಿಗುವುದಿಲ್ಲ, ಸರದಿಯಲ್ಲಿ ಹೆಸರು ಬರೆಸಿ ಕಾಯಬೇಕು. ಇನ್ನೊಂದು ತಮಾಷೆ ಕೇಳಿ. ಕೈ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಗಡಿಯಾರಗಳನ್ನು ಕಟ್ಟದೆ ಇಟ್ಟರೆ ಒಂದೆರಡು ದಿನಕ್ಕೆ ನಿಂತುಬಿಡುತ್ತವೆ. ಹತ್ತಿಪ್ಪತ್ತು ಕೂಡಿಟ್ಟವರಿಗೆ ಇರುವುದು ಎರಡೇ ಕೈ. ಅದಕ್ಕೆಂದು ಕರೆಂಟಿನಲ್ಲಿ ತಿರುಗಿಸುತ್ತಿರುವ ಪೆಟ್ಟಿಗೆಗಳನ್ನು ಮಾರುತ್ತಾರೆ. ಗಡಿಯಾರಕ್ಕೆ ತೊಟ್ಟಿಲು! ಮನೆಯಲ್ಲಿ ಕೂಸಿನ ತೊಟ್ಟಿಲು ತೂಗಲು ಒಮ್ಮೆಯೂ ಏಳದವರು ಗಡಿಯಾರದ ತೊಟ್ಟಿಲಿಗೆ ಸ್ವಿಚ್ಚು ಹಾಕುತ್ತಾರೆ.

ಈಗ ಕೈಗಳ ವಿಷಯಕ್ಕೆ ಬರೋಣ. ಗಂಡಸರ ಅಂತಸ್ತಿನ ಗುರುತಾಗಿರುವ ಈ ವಸ್ತು ಶುರುವಾದದ್ದು ಹೆಂಗಸರ ಮಣಿಕಟ್ಟಿನಲ್ಲಿ. ಪ್ಯಾರಿಸಿನ ಬ್ರೆಗೆ ಎಂಬ ಹೆಸರಾಂತ ಗಡಿಯಾರಗಾರ 1810ರಲ್ಲಿ ಆರ್ಡರು ಹಿಡಿದು ಮಣಿಕಟ್ಟಿನ ಗಡಿಯಾರ ಮಾಡಿಕೊಟ್ಟದ್ದು ನೇಪಲ್ಸಿನ ರಾಣಿ ಕ್ಯಾರೊಲಿನ್ ಮ್ಯೂರಾಳಿಗೆ. ಇಂದು ಕೂಡಿಡುವವರು ಮುಗಿಬೀಳುವ ಪಟೆಕ್ ಫಿಲಿಪ್ ಕಂಪನಿಯವರು 1868ರಲ್ಲಿ ಮಾಡಿದ್ದು ಹಂಗೇರಿಯ ಒಬ್ಬ ಶ್ರೀಮಂತ ಹೆಂಗಸಿಗೆ. ಆಗಿನ ಗಂಡಸರು ಗಡಿಯಾರವನ್ನು ಸರಪಳಿ ಕಟ್ಟಿ ಜೇಬಿನಲ್ಲಿಡುತ್ತಿದ್ದರು. ಕೈಗೆ ಕಟ್ಟುವುದೆಂದರೆ ಬಳೆ ತೊಟ್ಟ ಹಾಗೆ ಎಂಬ ಭಾವನೆ. 1914ರ ಮಹಾಯುದ್ಧದಲ್ಲಿ ಕಂದಕದೊಳಗೆ ಬಂದೂಕು ಹಿಡಿದವನಿಗೆ ಜೇಬು ತಡಕುವ ಪುರುಸೊತ್ತಿಲ್ಲದಾಗ ಆ ನಾಚಿಕೆ ಬಿಟ್ಟುಹೋಯಿತು. ಬಿಟ್ಟ ಮೇಲೆ ವಸ್ತುವೇ ಅವರದಾಯಿತು. 1996ರಲ್ಲಿ ಶುರುವಾದ ಪಟೆಕ್ ಫಿಲಿಪ್ ಜಾಹೀರಾತುಗಳ ತಿರುಳೇನೆಂದರೆ, ಇದು ನಿಮ್ಮದಲ್ಲ, ಮುಂದಿನ ಪೀಳಿಗೆಗಾಗಿ ಕಾಪಾಡುತ್ತಿದ್ದೀರಿ ಎಂಬುದು. ಆ ಸಾಲಿನಲ್ಲಿ ಹೆಚ್ಚು ಹೆಸರಾದದ್ದು ಅಪ್ಪ ಮತ್ತು ಮಗನ ಚಿತ್ರಗಳು.

ಕಟ್ಟಿದ ಕೈ ಮರೆಯಾದಂತೆ ದುಡಿದ ಕೈಯೂ ಮರೆಯಾಯಿತು. ಕತ್ತಲಲ್ಲಿ ಅಂಕಿ ಹೊಳೆಯಲೆಂದು ಒಂದು ಕಾಲಕ್ಕೆ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ 1917ರಿಂದ ಈ ಕೆಲಸ ಮಾಡಿದವರು ಹದಿಹರೆಯದ, ಇಪ್ಪತ್ತರ ಆಚೀಚಿನ ಹುಡುಗಿಯರು. ಕುಂಚದ ಮೊನೆ ಚೂಪಾಗಲೆಂದು ಅದನ್ನು ತುಟಿಯ ನಡುವೆ ಇಟ್ಟು ಎಳೆಯಬೇಕಿತ್ತು. ಹಾಗೆಯೇ ಮಾಡಲು ಕಲಿಸಿದ್ದರು. ಹಲ್ಲು ಉದುರಿ, ದವಡೆ ಕೊಳೆತು, ಮೂಳೆ ಮುರಿದು ಎಷ್ಟೋ ಹುಡುಗಿಯರು ಸತ್ತರು. ಐವರು ಕೋರ್ಟಿಗೆ ಹೋಗಿ ಹೋರಾಡಿ 1928ರಲ್ಲಿ ರಾಜಿಯಲ್ಲಿ ಪರಿಹಾರ ಪಡೆದರು. ಇವತ್ತು ಹಳೆಯ ಗಡಿಯಾರ ಹುಡುಕುವವರು ಕಂದು ತಿರುಗಿದ ರೇಡಿಯಂ ಅಂಕಿಗಳಿಗೆ ಹೆಚ್ಚು ಬೆಲೆ ಕೊಡುತ್ತಾರೆ, ಕಾಲ ಕೊಟ್ಟ ಚೆಲುವು ಎನ್ನುತ್ತಾರೆ. ಆ ಚೆಲುವನ್ನು ತುಟಿಯಲ್ಲಿ ಹಚ್ಚಿಕೊಂಡವಳ ಹೆಸರು ಎಷ್ಟು ಜನಕ್ಕೆ ಗೊತ್ತು?

2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ರೋಲೆಕ್ಸ್ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಸಿನಿಮಾ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ವಾಚು ಅದು. ಆ ಮಾದರಿಗೇ ಲೋಕವೆಲ್ಲ ಅವನ ಹೆಸರಿಟ್ಟು ಕರೆಯುತ್ತದೆ. ಕೊಂಡು ಕೊಟ್ಟವಳು ಅವನ ಹೆಂಡತಿ ಜೋನ್ ವುಡ್‌ವರ್ಡ್, ತಾನೂ ದೊಡ್ಡ ನಟಿ. ಕಾರ್ ರೇಸಿನ ಹುಚ್ಚು ಹತ್ತಿದ ಗಂಡನಿಗೆ ಜೋಪಾನವಾಗಿ ಗಾಡಿ ಓಡಿಸು ಎಂದು ಹಿಂಬದಿಯಲ್ಲಿ ಕೊರೆಸಿ ಕೊಟ್ಟಿದ್ದಳು. ಹೆಂಡತಿಯ ಕಳವಳ ಗಡಿಯಾರದ ಬೆನ್ನಿಗೆ, ಗಂಡನ ಹೆಸರು ಮುಖಕ್ಕೆ.

ದೂರದ ಮಾತು ಸಾಕು. ನಮ್ಮ ಮನೆಬಾಗಿಲಲ್ಲೇ ಏನಾಯಿತು ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನೊಂದಿಗೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರದ ಕೆಲಸ ಶುರುವಾಯಿತು. 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಹೆಂಗಸರಿಗೆ ಸುಜಾತಾ. ಕಣ್ಣು ಕಾಣದವರಿಗೆ ಮುಟ್ಟಿ ನೋಡುವ ಬ್ರೈಲ್ ಗಡಿಯಾರ. ಎಲ್ಲ ಸೇರಿ 10 ಕೋಟಿಗೂ ಹೆಚ್ಚು ಗಡಿಯಾರಗಳು ಅಲ್ಲಿಂದ ಹೊರಬಂದವು. ಅವುಗಳಲ್ಲಿ ಎಷ್ಟೋ ಗಡಿಯಾರಗಳ ಮುಖದ ಮೇಲೆ 17 ಜ್ಯುವೆಲ್ಸ್ ಎಂದು ಬರೆದದ್ದು ನಿಮಗೂ ನೆನಪಿರಬಹುದು. ಅದು ಆಭರಣದ ಕಲ್ಲಲ್ಲ, ಚಕ್ರದ ಅಚ್ಚು ಸವೆಯದಿರಲೆಂದು ಕೂರಿಸುವ ಕೃತಕ ಮಾಣಿಕ್ಯದ ಪುಟ್ಟ ಹರಳು.

ಅವನ್ನು ಜೋಡಿಸಿದವರಲ್ಲಿ ಅನೇಕರು ಹೆಣ್ಣುಮಕ್ಕಳು. ನನ್ನ ದೊಡ್ಡಮ್ಮನ ಮಗಳು ತುಮಕೂರಿನಲ್ಲಿ ಆ ಕೆಲಸದಲ್ಲಿದ್ದಳು. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. "ಹೇರ್‌ಸ್ಪ್ರಿಂಗ್ ಕೂರಿಸುವಾಗ ಉಸಿರು ಬಿಗಿಹಿಡೀಬೇಕು ಕಣೇ, ಒಂದು ಸೀನು ಬಂದರೆ ಅದು ಎಲ್ಲಿ ಹಾರಿತೋ ದೇವರಿಗೇ ಗೊತ್ತು" ಎನ್ನುತ್ತಿದ್ದಳು. ತಲೆಗೂದಲಿಗಿಂತ ನಯವಾದ ತಂತಿಯನ್ನು ದಿನವಿಡೀ ಕೂರಿಸಿ ಮನೆಗೆ ಬಂದು ಅದೇ ಬೆರಳಲ್ಲಿ ಮುದ್ದೆ ತೊಳಸುತ್ತಿದ್ದಳು. ಸ್ಪ್ರಿಂಗು, ಹಲ್ಲುಚಕ್ರ, ಬ್ಯಾಲೆನ್ಸ್ ಎಲ್ಲವೂ ಜಿನೀವಾದ ಗಡಿಯಾರದಲ್ಲಿರುವ ತತ್ತ್ವವೇ. ಅಲ್ಲಿಯ ಉಜ್ಜುವಿಕೆ, ಕೆತ್ತನೆ ಇನ್ನೂ ನಾಜೂಕು, ಒಪ್ಪುತ್ತೇನೆ. 2020ರಲ್ಲಿ ಯುನೆಸ್ಕೊ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಗಡಿಯಾರ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಸಂತೋಷವೇ. ಆದರೆ ಕ್ವಾರ್ಟ್ಜಿನ ಹೊಡೆತ ಇಬ್ಬರಿಗೂ ಬಿತ್ತು. ಹೊಸೂರಿನ ಟೈಟಾನ್ ವಾಚುಗಳು ಬಂದ ಮೇಲೆ ನಮ್ಮ ಜನವೂ ಅತ್ತ ತಿರುಗಿದರು, ಎಚ್‌ಎಂಟಿ ನಷ್ಟದಲ್ಲಿ ಮುಳುಗಿತು. ಅಲ್ಲಿ ಸೋತ ಕೈಗೆ ಪರಂಪರೆ ಎಂಬ ಹೆಸರು, ಇಲ್ಲಿ ಸೋತ ಕೈಗೆ ಸ್ವಯಂನಿವೃತ್ತಿಯ ಅರ್ಜಿ. ಕೈಕೆಲಸವನ್ನೇ ಪೂಜಿಸುವವರು ಇಲ್ಲಿ ಎಲ್ಲಿದ್ದರು?

2016ರ ಮೊದಲ ಮೂರು ತಿಂಗಳನ್ನು ನೆನಪಿಸಿಕೊಳ್ಳಿ. ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಫೆಬ್ರವರಿಯಲ್ಲಿ ನಮ್ಮ ರಾಜ್ಯವೆಲ್ಲ ಗಡಿಯಾರದ್ದೇ ಮಾತಾಡಿತು. ಮುಚ್ಚಿದ ಕಾರ್ಖಾನೆಯದಲ್ಲ, ಆಗಿನ ಮುಖ್ಯಮಂತ್ರಿಗಳ ಕೈಯಲ್ಲಿದ್ದ ಹ್ಯೂಬ್ಲೋ ವಾಚಿನದು. ಗೆಳೆಯರು ಕೊಟ್ಟ ಉಡುಗೊರೆ ಎಂದು ಅವರು ಹೇಳಿದರು, ಮಾರ್ಚಿಯಲ್ಲಿ ವಿಧಾನಸಭೆಯ ಸಭಾಧ್ಯಕ್ಷರಿಗೆ ಒಪ್ಪಿಸಿದರು, ಅದು ಸರ್ಕಾರದ ಆಸ್ತಿಯಾಯಿತು. ಅವರು ಸರಿಯೋ ವಿರೋಧಿಗಳು ಸರಿಯೋ ಎಂಬುದು ನನ್ನ ವಿಷಯವಲ್ಲ. ಒಂದು ಸ್ವಿಸ್ ವಾಚಿನ ಬೆಲೆಯ ಬಗ್ಗೆ ಆದಷ್ಟು ಗದ್ದಲದಲ್ಲಿ ಒಂದು ಪಾಲಾದರೂ ಜಾಲಹಳ್ಳಿ, ತುಮಕೂರಿನ ಕೈಗಳ ಬಗ್ಗೆ ಆಗಲಿಲ್ಲವಲ್ಲ ಎಂಬುದು ನನ್ನ ಸಂಕಟ. 2025ರ ಅಕ್ಟೋಬರಿನಿಂದ ಸ್ವಿಟ್ಜರ್ಲೆಂಡ್ ಮತ್ತಿತರ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರದ ಮೇಲಿನ ಸುಂಕ ಹಂತಹಂತವಾಗಿ ಇಳಿಯಲಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಕಲಿಸುತ್ತೇವೆ. ಕೆಸರಾದ ಕೈ ಯಾರದು, ಮೊಸರುಂಡ ಬಾಯಿ ಯಾರದು ಎಂದು ಮಕ್ಕಳು ಕೇಳಿದರೆ ಏನು ಹೇಳಲಿ?

ನೀವು ಹೆಂಗಸರು ಚಿನ್ನ, ರೇಷ್ಮೆ ಸೀರೆ ಕೂಡಿಡುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಡುತ್ತೇವೆ. ಆದರೆ ನಮ್ಮ ಬೀರುವಿನ ಚಿನ್ನ ಸುಮ್ಮನೆ ಕೂರುವುದು ಅಪರೂಪ. ಮಗನ ಫೀಸಿಗೆ, ಬೋರು ಕೊರೆಸಲು, ಆಸ್ಪತ್ರೆಯ ಬಿಲ್ಲಿಗೆ ಬಳೆ ಬ್ಯಾಂಕಿಗೆ ಹೋಗಿ ಬರುತ್ತದೆ, ಕೆಲವು ಸಲ ಬರುವುದೂ ಇಲ್ಲ. ಕೂಡಿಟ್ಟ ವಾಚನ್ನು ಅಡವಿಟ್ಟು ಹೆಂಡತಿಯ ಆಪರೇಷನ್ ಮಾಡಿಸಿದ ಸಂಗ್ರಹಕಾರರ ಕಥೆ ನಾನಂತೂ ಕೇಳಿಲ್ಲ. ಅದೂ ಹೂಡಿಕೆಯೇ, ಬೆಲೆ ಏರುತ್ತದೆ ಎನ್ನುವವರೂ ಇದ್ದಾರೆ. 2022ರ ಮೊದಲಿನವರೆಗೆ ಹಳೆ ವಾಚಿನ ಬೆಲೆ ಮುಗಿಲಿಗೇರಿ ಆ ಮೇಲೆ ಇಳಿದದ್ದನ್ನು ಕಂಡವರು ಈ ಮಾತನ್ನು ಈಗ ಸ್ವಲ್ಪ ಮೆಲ್ಲಗೆ ಹೇಳುತ್ತಾರೆ.

ಇದೆಲ್ಲ ದೊಡ್ಡವರ ಶೋಕಿ, ನಮ್ಮಂಥ ಊರಿನ ಹೆಂಗಸರಿಗೇನು ಎನ್ನಬೇಡಿ. ಶೋಕಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಅದು ಬಂದು ನಿಲ್ಲುವುದು ಹೆಣ್ಣು ಹೆತ್ತವರ ಅಂಗಳದಲ್ಲಿ. ನಮ್ಮ ಕಾಲದ ವರೋಪಚಾರದ ಪಟ್ಟಿಯಲ್ಲೂ ವಾಚು, ಉಂಗುರ, ಸೂಟು ಇದ್ದವು. ಆ ವಾಚು ಎಚ್‌ಎಂಟಿ ಆಗಿತ್ತು, ಅಪ್ಪನ ಒಂದು ತಿಂಗಳ ಸಂಬಳದೊಳಗೆ ಮುಗಿಯುತ್ತಿತ್ತು. ಕಳೆದ ವರ್ಷ ನನ್ನ ಸಹೋದ್ಯೋಗಿಯೊಬ್ಬರ ಮಗಳ ಮಾತುಕತೆಯಲ್ಲಿ ಗಂಡಿನ ಕಡೆಯವರು ನಗುನಗುತ್ತಲೇ, "ನಮಗೆ ಏನೂ ಬೇಡಮ್ಮ, ಹುಡುಗನಿಗೆ ವಾಚಿನ ಆಸೆ ಅಷ್ಟೇ" ಎಂದು ಸ್ವಿಸ್ ಕಂಪನಿಯ ಹೆಸರು ಹೇಳಿದರಂತೆ. ವರದಕ್ಷಿಣೆ ಎಂಬ ಮಾತೇ ಬರಲಿಲ್ಲ. ಆ ತಾಯಿ ಸ್ಟಾಫ್ ರೂಮಿನಲ್ಲಿ ಕೂತು ಪಿಎಫ್ ಸಾಲದ ಅರ್ಜಿ ತುಂಬಿಸುತ್ತಿದ್ದರು. ಸಮ್ಮಾನದ ಹೆಸರಿನಲ್ಲಿ ಕೇಳಿದರೂ, ಆಸೆಯ ಹೆಸರಿನಲ್ಲಿ ಕೇಳಿದರೂ, ಕೈಕೆಲಸದ ಮೇಲಿನ ಪ್ರೀತಿಯ ಹೆಸರಿನಲ್ಲಿ ಕೇಳಿದರೂ ಅದು ವರದಕ್ಷಿಣೆಯೇ, 1961ರ ಕಾನೂನಿನಲ್ಲಿ ಅಪರಾಧವೇ.

ಆದ್ದರಿಂದ ನಾನು ಹೇಳುವುದು ಇಷ್ಟು. ಮಗಳ ಮದುವೆಯ ಪಟ್ಟಿಯಲ್ಲಿ ವಾಚು ಎಂಬ ಸಾಲು ಬಂದರೆ ಅದನ್ನು ಹೊಡೆದುಹಾಕಿ. ಹೊಡೆದುಹಾಕಿದ್ದಕ್ಕೆ ಮುರಿಯುವ ಸಂಬಂಧ ಮುರಿಯಲಿ. ಬೀರುವಿನಲ್ಲಿ ಅಮ್ಮನದೋ ಅತ್ತೆಯದೋ ಹಳೆಯ ಸುಜಾತಾ ಇದ್ದರೆ ಬಸ್‌ಸ್ಟ್ಯಾಂಡಿನ ಹತ್ತಿರ ಪುಟ್ಟ ಗೂಡಂಗಡಿಯಲ್ಲಿ ಕೂತಿರುವ ವಾಚ್ ರಿಪೇರಿಯವರಿಗೆ ಕೊಟ್ಟು ಎಣ್ಣೆ ಬಿಡಿಸಿ, ಕೀ ಕೊಟ್ಟು ಮಗಳ ಕೈಗೆ ಕಟ್ಟಿ. ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಗಾಜಿನ ಹಿಂದೆ ಇಟ್ಟಿರುವುದು ಗಡಿಯಾರಗಳನ್ನು. ಅವನ್ನು ಜೋಡಿಸಿದವರು ಎಷ್ಟೋ ಜನ ಇನ್ನೂ ನಮ್ಮ ನಿಮ್ಮ ಬೀದಿಗಳಲ್ಲೇ ಇದ್ದಾರೆ, ಕನ್ನಡಕದ ನಂಬರು ಏರಿಸಿಕೊಂಡು ಸೊಪ್ಪು ಬಿಡಿಸುತ್ತಾ ಕೂತಿದ್ದಾರೆ. ಕೈಕೆಲಸಕ್ಕೆ ಮರ್ಯಾದೆ ಕೊಡಬೇಕೆನ್ನುವವರು ಮೊದಲು ಅವರ ಮನೆಗೆ ಹೋಗಿ ಬರಲಿ.